ಎಡವಿ ಬೀಳುವ ಹಕ್ಕು: ಚಾರ್ಲಿ ಬ್ರೌನ್ ಮತ್ತು ಫ್ರಾಂಕ್ಲಿನ್

ಪೇಪರ್ ಕೈಗೆ ಬಂದ ಕೂಡಲೇ ಹಿಂದಿನ ಪುಟದಿಂದ ಓದಲು ಶುರು ಮಾಡುವವರದ್ದು ಒಂದು ಪ್ರತ್ಯೇಕ ಜಮಾತು. ಮುಖಪುಟದ ಮಂತ್ರಿಗಳು, ಒಳಪುಟದ ಅಪಘಾತಗಳು, ಚಿನ್ನದ ದರ, ಇವೆಲ್ಲ ಆಮೇಲೆ. ಮೊದಲು ಪದಬಂಧದ ಪಕ್ಕದಲ್ಲಿ ಕೂತಿರುವ ಆ ಮೂರ್ನಾಲ್ಕು ಚೌಕಗಳು, ಅಂದರೆ ಕಾಮಿಕ್ ಸ್ಟ್ರಿಪ್. ನೀವೂ ಆ ಜಮಾತಿನವರೇ ಆಗಿದ್ದರೆ ಈ ಬರಹ ನಿಮಗಾಗಿ. ಅಲ್ಲದಿದ್ದರೂ ಪರವಾಗಿಲ್ಲ. ಹೈದರಾಬಾದು, ಪುಣೆ, ಮುಂಬೈಗಳಲ್ಲಿ ಬೆಳೆದ ಎಷ್ಟೋ ಕನ್ನಡ ಮನೆಗಳಲ್ಲಿ "ಮಕ್ಕಳ ಇಂಗ್ಲಿಷ್ ಸುಧಾರಿಸಲಿ" ಅಂತ ಇಂಗ್ಲಿಷ್ ಪೇಪರ್ ತರಿಸುತ್ತಿದ್ದರಲ್ಲ, ಅದರಲ್ಲಿ ಮಕ್ಕಳು ಪೂರ್ತಿ ಓದಿ ಮುಗಿಸುತ್ತಿದ್ದದ್ದು ಸಂಪಾದಕೀಯ ಅಲ್ಲವೇ ಅಲ್ಲ. ಡೆನ್ನಿಸ್‌ನ ತುಂಟಾಟ, ಗಾರ್ಫೀಲ್ಡ್‌ನ ಸೋಮಾರಿತನ, ಕ್ಯಾಲ್ವಿನ್‌ನ ತಲೆಹರಟೆ, ಇವೇ ಅವರು ಓದಿದ ಮೊದಲ ಇಂಗ್ಲಿಷ್ ಸಾಹಿತ್ಯ.

ಸಾಹಿತ್ಯ ಅಂದದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಏರಿಸಲಿ. ಒಂದು ಸ್ಟ್ರಿಪ್ಪನ್ನು ಕಥೆಯನ್ನೋ ಗಜಲನ್ನೋ ಓದುವಷ್ಟೇ ಗಮನ ಕೊಟ್ಟು ಓದಿದರೆ ಏನು ಸಿಗುತ್ತದೆ ಅಂತ ನಿಮ್ಮ ಜೊತೆ ನೋಡಬೇಕೆಂಬುದು ನನ್ನ ಆಸೆ. ಆರಿಸಿಕೊಂಡಿರುವುದು ಅಮೆರಿಕದ ಚಾರ್ಲ್ಸ್ ಶುಲ್ಜ್ ಬರೆದ 'ಪೀನಟ್ಸ್'. ನನಗೆ ಬಹಳ ಪ್ರೀತಿಯ ಸ್ಟ್ರಿಪ್ ಅದು. ಪ್ರೀತಿ ಇರುವುದರಿಂದಲೇ ಒಂದು ತಕರಾರೂ ಇದೆ.

ಮೊದಲು ಪ್ರೀತಿಯ ಮಾತು. 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಪೀನಟ್ಸ್ ಶುರುವಾಯಿತು. ಹೆಸರು ಶುಲ್ಜ್ ಇಟ್ಟದ್ದಲ್ಲ. ಸ್ಟ್ರಿಪ್ಪನ್ನು ಪತ್ರಿಕೆಗಳಿಗೆ ಮಾರುವ ಸಂಸ್ಥೆ ಇಟ್ಟದ್ದು. ಕಡಲೆಕಾಯಿ ಅನ್ನೋ ಅರ್ಥದ ಆ ಹೆಸರು ಅವರಿಗೆ ಕೊನೆವರೆಗೂ ಹಿಡಿಸಲಿಲ್ಲ. ನಾಲ್ಕು ಸಮನಾದ ಪುಟ್ಟ ಚೌಕಗಳ ವಿನ್ಯಾಸದ ಹಿಂದೆಯೂ ವ್ಯಾಪಾರದ ಲೆಕ್ಕ ಇತ್ತು. ಪತ್ರಿಕೆಯವರು ಜಾಗಕ್ಕೆ ತಕ್ಕಂತೆ ಅಡ್ಡಸಾಲಿನಲ್ಲೋ, ಉದ್ದಕ್ಕೋ, ಎರಡರ ಕೆಳಗೆ ಎರಡೋ ಜೋಡಿಸಿಕೊಳ್ಳಬಹುದಿತ್ತು. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಆ ಮನುಷ್ಯ ಸುಮಾರು 50 ವರ್ಷ, ಸಹಾಯಕರನ್ನು ಇಟ್ಟುಕೊಳ್ಳದೆ, ಗೆರೆಯನ್ನೂ ಅಕ್ಷರವನ್ನೂ ತಾವೇ ಬರೆಯುತ್ತಾ 17,897 ಸ್ಟ್ರಿಪ್ ಮಾಡಿದರು. ಕೊನೆಯದು ಅಚ್ಚಾಗಿದ್ದು 2000ದ ಫೆಬ್ರವರಿ 13ರ ಭಾನುವಾರ. ಅದರ ಹಿಂದಿನ ರಾತ್ರಿಯಷ್ಟೇ ಶುಲ್ಜ್ ತೀರಿಕೊಂಡಿದ್ದರು.

ವಿದ್ಯಾರ್ಥಿಗಳೇ, ಆ ನಾಲ್ಕು ಚೌಕಗಳ ಲಯವನ್ನು ಸ್ವಲ್ಪ ಗಮನಿಸಿ. ಸಾಮಾನ್ಯವಾಗಿ ಮೊದಲನೆಯದರಲ್ಲಿ ಒಂದು ಮಾತು, ಎರಡನೆಯದರಲ್ಲಿ ಆ ಮಾತಿಗೆ ಒತ್ತು. ಮೂರನೆಯದರಲ್ಲಿ ಹಲವು ಸಲ ಏನೂ ಆಗುವುದಿಲ್ಲ. ಪಾತ್ರ ಸುಮ್ಮನೆ ನಿಂತಿರುತ್ತದೆ, ಇಲ್ಲವೇ ಆಕಾಶ ನೋಡುತ್ತದೆ. ನಾಲ್ಕನೆಯದರಲ್ಲಿ ಏಟು. ಶೇರ್ ಓದುವವರು ಮೊದಲ ಸಾಲು ಹೇಳಿ, ಮಜ್ಲಿಸ್ಸಿನ ಕಡೆ ಒಂದು ನೋಟ ಬೀರಿ, ಕ್ಷಣ ತಡೆದು, ಆಮೇಲೆ ಎರಡನೇ ಸಾಲು ಬಿಡುತ್ತಾರಲ್ಲ, ಹಾಗೆ. ಆ ಮೂರನೇ ಚೌಕದ ಮೌನ ಕಿತ್ತುಹಾಕಿದರೆ ನಗುವೂ ಹೋಗುತ್ತದೆ. ನಗಿಸುವ ಕೆಲಸದ ಅರ್ಧಭಾಗ ಕಾಯಿಸುವುದರಲ್ಲಿದೆ.

ಇನ್ನರ್ಧ ಭಾಗ ಪುನರಾವರ್ತನೆಯಲ್ಲಿದೆ. ಚಾರ್ಲಿ ಬ್ರೌನ್ ಎಂಬ ದುಂಡು ತಲೆಯ ಹುಡುಗನಿಗೆ ನೆರೆಮನೆಯ ಲೂಸಿ ಫುಟ್‌ಬಾಲ್ ಹಿಡಿದುಕೊಂಡು "ಬಾ, ಓಡಿಬಂದು ಒದಿ" ಅನ್ನುವ ಆಟ 1950ರ ದಶಕದ ಶುರುವಿನಲ್ಲೇ ಬಂತು. ಅವನು ಓಡಿ ಬರುತ್ತಾನೆ, ಅವಳು ಚೆಂಡು ಎಳೆದುಕೊಳ್ಳುತ್ತಾಳೆ, ಅವನು ಗಾಳಿಯಲ್ಲಿ ತೇಲಿ ಬೆನ್ನಡಿಯಾಗಿ ಬೀಳುತ್ತಾನೆ. ಇದು ದಶಕಗಳ ಕಾಲ ನಡೆಯಿತು. ಅವನಿಗೂ ಗೊತ್ತು, ನಮಗೂ ಗೊತ್ತು, ಆದರೂ ಪ್ರತಿ ಸಲ ಓಡುತ್ತಾನೆ. ಅವನ ಬೇಸ್‌ಬಾಲ್ ತಂಡ ಸೋಲುತ್ತದೆ, ಗಾಳಿಪಟವನ್ನು ಮರ ತಿನ್ನುತ್ತದೆ, ಕೆಂಪು ಕೂದಲಿನ ಹುಡುಗಿಯನ್ನು ಮಾತಾಡಿಸುವ ಧೈರ್ಯ ಬರುವುದೇ ಇಲ್ಲ. ಅಪರೂಪಕ್ಕೆ, 1993ರ ಮಾರ್ಚ್ ಕೊನೆಯಲ್ಲಿ, ಅವನ ಒಂದು ಹೊಡೆತದಿಂದ ಪಂದ್ಯ ಗೆದ್ದಾಗ ಅವನಿಗೇ ನಂಬಲಿಕ್ಕಾಗಲಿಲ್ಲ.

ಈಗ ಒಂದು ಪ್ರಶ್ನೆ. ಹೀಗೆ ಸೋಲುವವನನ್ನು ನೋಡಿ ನಗುವುದು ಕ್ರೌರ್ಯ ಅಲ್ವಾ? ಪೀನಟ್ಸ್‌ನಲ್ಲಿ ಅಲ್ಲ. ಯಾಕೆಂದರೆ ಅಲ್ಲಿ ಎಲ್ಲರಿಗೂ ಒಂದೊಂದು ಕೊರತೆ ಇದೆ. ಐದು ಸೆಂಟಿಗೆ ಮನಶ್ಶಾಸ್ತ್ರದ ಸಲಹೆ ಮಾರುವ ಜಗಳಗಂಟಿ ಲೂಸಿಗೆ ಪಿಯಾನೋ ನುಡಿಸುವ ಶ್ರೋಡರ್ ಮೇಲೆ ಪ್ರೀತಿ. ಅವನಿಗೋ ಬೀಥೋವನ್ ಬಿಟ್ಟು ಬೇರೆ ಯಾರೂ ಬೇಕಿಲ್ಲ. ಧರ್ಮಗ್ರಂಥದಿಂದ ಉದ್ಧರಿಸಿ ಮಾತಾಡುವ ಜಾಣ ಲೈನಸ್‌ಗೆ ಕಂಬಳಿ ಕೈಬಿಟ್ಟರೆ ತಲೆ ತಿರುಗುತ್ತದೆ. ಮಹಾ ಲೇಖಕನೆಂದು ಬೀಗುವ ನಾಯಿ ಸ್ನೂಪಿಯ ಹಸ್ತಪ್ರತಿಗಳು ವಾಪಸ್ ಬರುತ್ತಲೇ ಇರುತ್ತವೆ. ಪೆಪರ್‌ಮಿಂಟ್ ಪ್ಯಾಟಿ ತರಗತಿಯಲ್ಲಿ ನಿದ್ದೆ ಹೊಡೆದು ತೀರಾ ಕಡಿಮೆ ದರ್ಜೆ ತಗೊಳ್ಳುತ್ತಾಳೆ. ಮೇಲೆ ನಿಂತು ನಗುವವರು ಅಲ್ಲಿ ಯಾರೂ ಇಲ್ಲ. ದೊಡ್ಡವರನ್ನಂತೂ ಶುಲ್ಜ್ ಚೌಕದಿಂದ ಹೊರಗೇ ಇಟ್ಟರು. ಚಾರ್ಲಿ ಬ್ರೌನ್ ಬಿದ್ದಾಗ ನಾವು ನಗುವುದು ನಾವೂ ಹಾಗೇ ಬಿದ್ದಿದ್ದೇವೆ ಎಂಬ ಗುಟ್ಟು ಒಳಗೆ ಗೊತ್ತಿರುವುದರಿಂದ.

ಈ ನಗು ನಮಗೆ ಹೊಸದಲ್ಲ. ಮುಲ್ಲಾ ನಸ್ರುದ್ದೀನ್ ಜಾಣನೋ ಪೆದ್ದನೋ ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಉರ್ದುವಿನ ಪತ್ರಸ್ ಬುಖಾರಿಯವರ ಹಳೇ ಸೈಕಲ್ಲಿನ ಪ್ರಬಂಧ ಓದಿದವರಿಗೆ ಗೊತ್ತು, ಅಲ್ಲಿ ಮೂರ್ಖನಾಗಿ ನಿಲ್ಲುವುದು ಸೈಕಲ್ ಮಾರಿದವನಲ್ಲ, ಅದನ್ನು ಕೊಂಡು ಕಥೆ ಹೇಳುತ್ತಿರುವವನೇ. ನಮ್ಮ ಕಲಬುರಗಿ ಸೀಮೆಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಹೆಸರಾದ ಮುಜ್ತಬಾ ಹುಸೇನ್ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದರಲ್ಲಿ ಉಸ್ತಾದರು. ಕನ್ನಡದಲ್ಲಿ ಬೀಚಿಯವರ ತಿಮ್ಮ ಇದ್ದಾನೆ. ತಿಮ್ಮ ಎಡವಟ್ಟು ಮಾಡುತ್ತಾನೆ, ನಾವು ನಗುತ್ತೇವೆ, ನಕ್ಕು ಮುಗಿಯುವಷ್ಟರಲ್ಲಿ ತಿಮ್ಮ ನಮ್ಮ ಮನೆಯವನೇ ಆಗಿಬಿಟ್ಟಿರುತ್ತಾನೆ. ಒಬ್ಬನನ್ನು ನೋಡಿ ನಗುವುದಕ್ಕೂ ಒಬ್ಬನ ಜೊತೆ ನಗುವುದಕ್ಕೂ ಇರುವ ವ್ಯತ್ಯಾಸ ಇದೇ.

ಇಲ್ಲಿಂದ ನನ್ನ ತಕರಾರು ಶುರು. ಅದಕ್ಕೆ 1968ಕ್ಕೆ ಹೋಗಬೇಕು.

ಆ ವರ್ಷ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಹನ್ನೊಂದು ದಿನಗಳ ನಂತರ ಲಾಸ್ ಏಂಜಲೀಸ್‌ನಿಂದ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಶಿಕ್ಷಕಿ ಶುಲ್ಜ್‌ಗೆ ಒಂದು ಕಾಗದ ಬರೆದರು. ಮಕ್ಕಳ ಮನಸ್ಸಿನ ಮೇಲೆ ಇಷ್ಟು ಪ್ರಭಾವ ಇರುವ ನಿಮ್ಮ ಸ್ಟ್ರಿಪ್ಪಿನ ಬಳಗಕ್ಕೆ ಕಪ್ಪು ಮಕ್ಕಳನ್ನೂ ಸೇರಿಸಬಾರದೇ ಎಂಬುದು ಅದರ ತಾತ್ಪರ್ಯ. ಶುಲ್ಜ್ ಉತ್ತರ ಬರೆದರು. ತನಗೂ ಆ ಆಸೆ ಇದೆ, ಆದರೆ ಕಪ್ಪು ಸಮುದಾಯದವರಿಗೆ ಅದು ಮೇಲಿನಿಂದ ತೋರಿಸಿದ ಕನಿಕರದಂತೆ ಕಂಡೀತೆಂಬ ಅಳುಕಿದೆ ಅಂದರು. ಗ್ಲಿಕ್‌ಮನ್ ಬಿಡಲಿಲ್ಲ. ಆ ಉತ್ತರವನ್ನು ತಮ್ಮ ಕಪ್ಪು ಸ್ನೇಹಿತರಿಗೆ ತೋರಿಸಿದರು. ಅವರಲ್ಲೊಬ್ಬರು, ಇಬ್ಬರು ಮಕ್ಕಳ ತಂದೆ ಕೆನೆತ್ ಕೆಲ್ಲಿ, ನೇರ ಶುಲ್ಜ್‌ಗೇ ಬರೆದರು. ಕನಿಕರದ ಆರೋಪ ಬಂದರೂ ಅದು ಸಣ್ಣ ಬೆಲೆ, ಮೊದಲಿಗೆ ಗುಂಪಿನಲ್ಲಿ ಒಬ್ಬ ಸಾಮಾನ್ಯ ಹುಡುಗನಾಗಿ ಬಂದರೂ ಸಾಕು ಎಂಬರ್ಥದಲ್ಲಿ.

ಜುಲೈ 31ರಂದು ಫ್ರಾಂಕ್ಲಿನ್ ಬಂದ. ಸಮುದ್ರ ತೀರ. ಚಾರ್ಲಿ ಬ್ರೌನ್ ಕಳೆದುಕೊಂಡಿದ್ದ ಚೆಂಡನ್ನು ಒಬ್ಬ ಕಪ್ಪು ಹುಡುಗ ತಂದುಕೊಡುತ್ತಾನೆ. ಇಬ್ಬರೂ ಮರಳಿನ ಕೋಟೆ ಕಟ್ಟುತ್ತಾರೆ. ಮಾತಿನ ನಡುವೆ ಫ್ರಾಂಕ್ಲಿನ್‌ನ ತಂದೆ ವಿಯೆಟ್ನಾಮ್ ಯುದ್ಧದಲ್ಲಿದ್ದಾರೆ ಅಂತ ಗೊತ್ತಾಗುತ್ತದೆ. ಅಷ್ಟೇ. ಭಾಷಣ ಇಲ್ಲ, ಘೋಷಣೆ ಇಲ್ಲ. ಆದರೆ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರು ಬಿಳಿಯರ ಬೀಚಿಗೆ ಕಾಲಿಟ್ಟರೆ ಏಟು ತಿನ್ನುತ್ತಿದ್ದ ದಿನಗಳು ಆಗ ತೀರಾ ಹಳೆಯವಾಗಿರಲಿಲ್ಲ. ಆ ಮರಳಿನ ಕೋಟೆಯ ತೂಕ ಓದುಗರಿಗೆ ಗೊತ್ತಿತ್ತು. ಮುಂದೆ ಫ್ರಾಂಕ್ಲಿನ್ ಬಿಳಿ ಮಕ್ಕಳ ಜೊತೆ ಒಂದೇ ತರಗತಿಯಲ್ಲಿ ಕೂತಾಗ ದಕ್ಷಿಣದ ಒಬ್ಬ ಸಂಪಾದಕರು, ಇವರನ್ನು ಶಾಲೆಯಲ್ಲಿ ಒಟ್ಟಿಗೆ ತೋರಿಸಬೇಡಿ ಎಂದು ಬರೆದರಂತೆ. ಅದಕ್ಕೆ ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ ಎಂದು ಶುಲ್ಜ್ ಮುಂದೆ ಹೇಳಿಕೊಂಡಿದ್ದಾರೆ.

ಇದು ದೊಡ್ಡ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಥೆಯನ್ನು ಹೇಳುವವರು ಬಹುತೇಕ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಸ್ಟ್ರಿಪ್ಪಿನ ಓದುಗರಾಗಿ ನಾವು ಮುಂದಿನ ಪ್ರಶ್ನೆ ಕೇಳಬೇಕು. ಒಳಗೆ ಬಂದ ಮೇಲೆ ಫ್ರಾಂಕ್ಲಿನ್ ಏನು ಮಾಡಿದ?

ಚೆನ್ನಾಗಿ ನಡೆದುಕೊಂಡ. ಅದೇ ಸಮಸ್ಯೆ. ಬಂದ ಹೊಸದರಲ್ಲೇ ಅವನು ಚಾರ್ಲಿ ಬ್ರೌನ್‌ನ ಓಣಿಗೆ ಭೇಟಿ ಕೊಡುವ ಒಂದು ಸರಣಿ ಇದೆ. ಲೂಸಿಯ ಸಲಹೆಯ ಅಂಗಡಿ ನೋಡುತ್ತಾನೆ, ಲೈನಸ್‌ನ ಕುಂಬಳಕಾಯಿ ದೇವರ ಕಥೆ ಕೇಳುತ್ತಾನೆ, ಇದೆಂಥ ವಿಚಿತ್ರ ಓಣಿಯಪ್ಪಾ ಅಂತ ತಬ್ಬಿಬ್ಬಾಗುತ್ತಾನೆ. ತಮಾಷೆ ಚೆನ್ನಾಗಿದೆ. ಆದರೆ ಗಮನಿಸಿ: ಹುಚ್ಚು ಅವರದ್ದು, ಸ್ವಸ್ಥ ಬುದ್ಧಿ ಇವನದ್ದು. ಮುಂದೆಯೂ ಹೆಚ್ಚುಕಡಿಮೆ ಹಾಗೇ. ಚಾರ್ಲಿ ಬ್ರೌನ್ ಜೊತೆ ಗೋಡೆಗೆ ಒರಗಿ ತಾತನ ಬಗ್ಗೆ ಮಾತಾಡುತ್ತಾನೆ, ಪೆಪರ್‌ಮಿಂಟ್ ಪ್ಯಾಟಿಯ ಮುಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುತ್ತಾನೆ. ಅವನ ಕೈಯಲ್ಲಿ ಕಂಬಳಿ ಇಲ್ಲ, ಎದೆಯಲ್ಲಿ ಹೇಳಿಕೊಳ್ಳಲಾಗದ ಪ್ರೀತಿ ಇಲ್ಲ, ವಾಪಸ್ ಬಂದ ಹಸ್ತಪ್ರತಿ ಇಲ್ಲ. ಕೊರತೆಯೇ ಪೌರತ್ವವಾಗಿರುವ ಊರಿನಲ್ಲಿ ಕೊರತೆಯಿಲ್ಲದವನು ಖಾಯಂ ಅತಿಥಿ. ಅತಿಥಿಗೆ ಕುರ್ಚಿ ಸಿಗುತ್ತದೆ, ಆದರೆ ಅವನನ್ನು ಯಾರೂ ಗೇಲಿ ಮಾಡುವುದಿಲ್ಲ. ಮನೆಯವರನ್ನಷ್ಟೇ ಅಲ್ವಾ ನಾವು ಗೇಲಿ ಮಾಡೋದು?

ಶುಲ್ಜ್ ಹೀಗೆ ಯಾಕೆ ಮಾಡಿದರು? ನನ್ನ ಊಹೆ ಇಷ್ಟು. ಉತ್ತರದ ಪತ್ರದಲ್ಲಿ ಕಂಡ ಅಳುಕು ಅವರ ಕೈಬಿಡಲಿಲ್ಲ. ಫ್ರಾಂಕ್ಲಿನ್ ಬೆನ್ನಡಿಯಾಗಿ ಬಿದ್ದಿದ್ದರೆ, ಕಪ್ಪು ಹುಡುಗನನ್ನು ಬೀಳಿಸಿ ನಗುತ್ತಿದ್ದಾರೆ ಅನ್ನೋರು ಇದ್ದೇ ಇರುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅದಕ್ಕೂ ಹಿಂದಿನ ಎಷ್ಟೋ ದಶಕಗಳ ಅಮೆರಿಕನ್ ಕಾಮಿಕ್‌ಗಳಲ್ಲಿ ಕಪ್ಪು ಜನರು ದಪ್ಪ ತುಟಿಯ, ಪೆದ್ದು ಮಾತಿನ ಆಳುಗಳಾಗಿ ಮಾತ್ರ ಬಂದು ಹೋಗಿದ್ದರು. ಬರೀ ನಗೆಪಾಟಲಿಗೆ ಗುರಿಯಾಗಿದ್ದ ಜನರನ್ನು ಗೌರವದಿಂದ ಕರೆತರಲು ಹೊರಟ ಒಳ್ಳೆಯ ಮನುಷ್ಯ, ನಗುವನ್ನೇ ಅವರಿಂದ ದೂರ ಇಟ್ಟುಬಿಟ್ಟ. ಅವಮಾನದಿಂದ ಕಾಪಾಡಿದ, ಜೊತೆಗೆ ಹಾಸ್ಯದಿಂದಲೂ ಕಾಪಾಡಿದ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಶುಲ್ಜ್ ಅವರ ಗೆಳೆಯರೇ ಆಗಿದ್ದ ಮಾರಿ ಟರ್ನರ್ ಎಂಬ ಕಪ್ಪು ವ್ಯಂಗ್ಯಚಿತ್ರಕಾರರು 1965ರಲ್ಲಿ 'ವೀ ಪಾಲ್ಸ್' ಎಂಬ ಸ್ಟ್ರಿಪ್ ಶುರು ಮಾಡಿದ್ದರು. ಬೇರೆ ಬೇರೆ ಬಣ್ಣ, ಬೇರೆ ಬೇರೆ ಮೂಲದ ಮಕ್ಕಳ ಓಣಿ ಅದು. ಮುಖ್ಯ ಪಾತ್ರ ನಿಪ್ಪರ್ ಎಂಬ ಕಪ್ಪು ಹುಡುಗ, ಅವನ ತಲೆಯ ಮೇಲೆ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತಿದ್ದ ದಕ್ಷಿಣದ ಸೈನ್ಯದ ಟೋಪಿ! ಹೊರಗಿನವರು ಈ ಟೋಪಿ ತೊಡಿಸಿದ್ದರೆ ಗಲಾಟೆ ಆಗುತ್ತಿತ್ತು. ಟರ್ನರ್ ತೊಡಿಸಿದ್ದರಿಂದ ಅದು ಒಂದೂ ಮಾತಿಲ್ಲದ ನಗೆಚಾಟಿ. ಮೊದಲಿಗೆ ಬೆರಳೆಣಿಕೆಯ ಪತ್ರಿಕೆಗಳು ಮಾತ್ರ ಇದನ್ನು ಹಾಕುತ್ತಿದ್ದವು. ಕಿಂಗ್ ಹತ್ಯೆಯ ನಂತರದ ತಿಂಗಳುಗಳಲ್ಲಿ ಆ ಸಂಖ್ಯೆ ನೂರು ದಾಟಿತು. ಅಂಥ ಸಾವೊಂದು ಆದ ಮೇಲೆ ಪತ್ರಿಕೆಗಳ ಬಾಗಿಲು ತೆರೆಯಿತೆಂಬ ಕಹಿ ಟರ್ನರ್ ಅವರನ್ನು ಕಾಡಿದ್ದರೆ ಆಶ್ಚರ್ಯವಿಲ್ಲ. ಇರಲಿ. ಇಲ್ಲಿ ನನಗೆ ಮುಖ್ಯವಾದದ್ದು, ಒಳಗಿನಿಂದ ಬರೆಯುವವರಿಗೆ ತಮ್ಮವರನ್ನು ಪೆದ್ದರನ್ನಾಗಿ ಮಾಡುವ ಸಲಿಗೆ ಇರುತ್ತದೆ ಎಂಬುದು.

ಈಗ ನನ್ನ ವಾದಕ್ಕೇ ಎದುರಾಗಿ ನಿಲ್ಲುವ ಒಂದು ಸಂಗತಿಯನ್ನೂ ಹೇಳಬೇಕು. 1968ರಲ್ಲಿ ಫಿಲಡೆಲ್ಫಿಯಾದಲ್ಲಿ ರಾಬ್ ಆರ್ಮ್‌ಸ್ಟ್ರಾಂಗ್ ಎಂಬ ಪುಟ್ಟ ಹುಡುಗ ಇದ್ದ, ಕಪ್ಪು ಹುಡುಗ. ಪೇಪರಿನಲ್ಲಿ ಫ್ರಾಂಕ್ಲಿನ್‌ನನ್ನು ನೋಡಿ ಅವನಿಗಾದ ಖುಷಿ ಅಷ್ಟಿಷ್ಟಲ್ಲ. ಅವನು ದೊಡ್ಡವನಾಗಿ ವ್ಯಂಗ್ಯಚಿತ್ರಕಾರನಾದ. 1989ರಿಂದ 'ಜಂಪ್ ಸ್ಟಾರ್ಟ್' ಎಂಬ ಸ್ಟ್ರಿಪ್ ಬರೆದ. ಕಪ್ಪು ದಂಪತಿ, ಗಂಡ ಪೊಲೀಸು, ಹೆಂಡತಿ ನರ್ಸು, ಮನೆ ತುಂಬ ದಿನನಿತ್ಯದ ಎಡವಟ್ಟುಗಳು. ಮುಂದೆ ಫ್ರಾಂಕ್ಲಿನ್‌ಗೆ ಮನೆತನದ ಹೆಸರು ಬೇಕಾದಾಗ ಶುಲ್ಜ್ ಇವರ ಅನುಮತಿ ಕೇಳಿ 'ಆರ್ಮ್‌ಸ್ಟ್ರಾಂಗ್' ಎಂದೇ ಇಟ್ಟರು. ಅಂದರೆ ಬರೀ ಕುರ್ಚಿ ಕೊಟ್ಟದ್ದೂ ವ್ಯರ್ಥ ಆಗಲಿಲ್ಲ. ಸುಮ್ಮನೆ ಕೂತಿದ್ದ ಫ್ರಾಂಕ್ಲಿನ್‌ನನ್ನು ನೋಡಿ ಬೆಳೆದವರೊಬ್ಬರು ಎಡವಿ ಬೀಳುವ ಪಾತ್ರಗಳನ್ನು ಬರೆದರು. ಆದ್ದರಿಂದ ಗ್ಲಿಕ್‌ಮನ್ ಕೇಳಿದ್ದು ಸರಿಯೇ, ಶುಲ್ಜ್ ಕೊಟ್ಟದ್ದೂ ಸರಿಯೇ. ಸಾಲದು ಅಂತಷ್ಟೇ ನನ್ನ ಮಾತು.

ಇಷ್ಟೆಲ್ಲ ದೂರದ ಅಮೆರಿಕದ ವಿಷಯ ನಮಗ್ಯಾಕೆ ಅಂತೀರಾ? ಮಕ್ಕಳಿಗೆ ಎರಡು ಭಾಷೆಯಲ್ಲಿ ಪಾಠ ಹೇಳುವ ನಾನು ಫ್ರಾಂಕ್ಲಿನ್‌ನನ್ನು ಆಗಾಗ ಭೇಟಿಯಾಗುತ್ತಿರುತ್ತೇನೆ. ಅವನು ಪಾಠಗಳಲ್ಲಿ ಈದ್ ದಿನ ಶೀರ್‌ಖುರ್ಮಾ ಹಂಚಲು ಬರುತ್ತಾನೆ. ಸಿನಿಮಾದಲ್ಲಿ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯನಾಗಿ ಬರುತ್ತಾನೆ. ಬಹಳ ಒಳ್ಳೆಯವನು, ಬಹಳ ನಿಯತ್ತಿನವನು, ಕಳೆದುಹೋದ ಚೆಂಡನ್ನು ತಂದುಕೊಟ್ಟು ಹೋಗುವವನು. ಅವನಿಗೆ ಲೆಕ್ಕ ಬರದೆ ಪೆಟ್ಟು ಬಿದ್ದದ್ದು, ಮಾವಿನಕಾಯಿ ಕದ್ದು ಸಿಕ್ಕಿಬಿದ್ದದ್ದು, ಅಮ್ಮನಿಗೆ ಸುಳ್ಳು ಹೇಳಿ ಮ್ಯಾಚ್ ನೋಡಲು ಹೋದದ್ದು ನಾನು ಪಾಠಗಳಲ್ಲಿ ಕಂಡದ್ದು ಕಡಿಮೆ. ಬೇರೆಯವರು ಹಾಗೆ ಬರೆದರೆ ಅವರ ಅಳುಕು ಅರ್ಥವಾಗುತ್ತದೆ. ಆದರೆ ನಾವೇ ಬರೆಯುವ ಕಥೆಗಳಲ್ಲೂ ಹುಡುಗರು ಹೀಗೆ ಇಸ್ತ್ರಿ ಹಾಕಿದ ಶರ್ಟಿನಂತೆ ಬರುತ್ತಾರಲ್ಲ, ಅದು ನನ್ನನ್ನು ಹೆಚ್ಚು ಕಾಡುವ ವಿಷಯ. ಸದಾ ಯಾರೋ ನೋಡುತ್ತಿದ್ದಾರೆ ಎಂಬ ಭಯದಲ್ಲಿ ಬರೆದರೆ ಪಾತ್ರ ಸಾಕ್ಷಿ ಹೇಳಲು ನಿಂತವನ ಹಾಗೆ ಆಗುತ್ತದೆ. ಕಟಕಟೆಯಲ್ಲಿ ನಿಂತವನು ಜೋಕ್ ಹೇಳುವುದಿಲ್ಲ.

ಮಕ್ಕಳಿಗೆ ಇದು ಬಹಳ ಬೇಗ ತಿಳಿಯುತ್ತದೆ. ತರಗತಿಯಲ್ಲಿ ನಾಲ್ಕು ಚೌಕ ಹಾಕಿಕೊಟ್ಟು ನಿಮ್ಮದೇ ಸ್ಟ್ರಿಪ್ ಬರೆಯಿರಿ ಅಂದರೆ, ಕೆಲವರು ಮೊದಲಿಗೆ ರೂಢಿಯಂತೆ ನೀತಿ ಬರೆಯುತ್ತಾರೆ: ಗಿಡ ನೆಡಿ, ನೀರು ಉಳಿಸಿ. "ನಿಮ್ಮ ಮನೆಯಲ್ಲಿ ನಿನ್ನೆ ಯಾರು ಬೈಸಿಕೊಂಡರು ಅದನ್ನು ಬರೆಯಿರಿ" ಅಂದರೆ ಸಾಕು, ಪೆನ್ಸಿಲ್ಲುಗಳು ಓಡುತ್ತವೆ. ದಾಲ್ ಹೊತ್ತಿಸಿದ ಫೂಫಿ ಬರುತ್ತಾರೆ, ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಊರೆಲ್ಲ ಹುಡುಕುವ ನಾನಾ ಬರುತ್ತಾರೆ. ತಮ್ಮವರನ್ನು ನೋಡಿ ನಗುವ ಆ ಮಕ್ಕಳ ಮುಖದಲ್ಲಿ ತಿರಸ್ಕಾರ ಇರುವುದಿಲ್ಲ, ಒಡೆತನ ಇರುತ್ತದೆ. ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಪೀರಿಯಡ್ ಇದಕ್ಕೆ ಕೊಟ್ಟು ನೋಡಿ. ಖರ್ಚೇನೂ ಇಲ್ಲ, ಒಂದು ಹಾಳೆ, ಎರಡು ಗೆರೆ, ನಾಲ್ಕು ಚೌಕ.

ವಿದ್ಯಾರ್ಥಿಗಳಿಗೂ ಒಂದು ಮಾತು. ಯಾವುದೇ ಹಾಸ್ಯ ಓದುವಾಗ, ಸ್ಟ್ರಿಪ್ ಇರಲಿ, ನಾಟಕ ಇರಲಿ, ಫೋನಿನಲ್ಲಿ ಬರುವ ರೀಲ್ ಇರಲಿ, ಎರಡು ಪ್ರಶ್ನೆ ಕೇಳಿ. ಇಲ್ಲಿ ಯಾರನ್ನು ನೋಡಿ ನಗುತ್ತಿದ್ದಾರೆ ಎಂಬುದು ಮೊದಲನೆಯದು. ಇದನ್ನು ಈಗ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಆದರೆ ಎರಡನೆಯದನ್ನು ಮರೆಯುತ್ತೇವೆ: ಇಲ್ಲಿ ಯಾರನ್ನು ನಗುವಿನಿಂದ ಹೊರಗಿಟ್ಟಿದ್ದಾರೆ? ಯಾರ ಹತ್ತಿರ ಬಂದಾಗ ಬರೆಯುವವರ ಕೈ ನಡುಗಿ, ತಮಾಷೆ ನಿಂತು, ಗೌರವ ಶುರುವಾಗುತ್ತದೆ? ಗೇಲಿಯಷ್ಟೇ ದೂರ ತಳ್ಳುವ ಶಕ್ತಿ ಅತಿ ಗೌರವಕ್ಕೂ ಇದೆ.

ಫುಟ್‌ಬಾಲ್ ಆಟದ ಕೊನೆಯ ಕಂತು ಬಂದದ್ದು 1999ರ ಅಕ್ಟೋಬರ್‌ನಲ್ಲಿ. ಲೂಸಿಯನ್ನು ಊಟಕ್ಕೆ ಕರೆಯುತ್ತಾರೆ, ಅವಳು ಚೆಂಡನ್ನು ಪುಟ್ಟ ತಮ್ಮ ರೀರನ್ ಕೈಗೆ ಕೊಟ್ಟು ಹೋಗುತ್ತಾಳೆ. ಚಾರ್ಲಿ ಬ್ರೌನ್ ಒದ್ದನೋ, ರೀರನ್ ಎಳೆದುಕೊಂಡನೋ ಅಂತ ಅವಳು ಆಮೇಲೆ ಕೇಳಿದರೆ, ಅದು ನಿನಗೆ ಎಂದೂ ಗೊತ್ತಾಗುವುದಿಲ್ಲ ಅನ್ನೋ ಅರ್ಥದ ಉತ್ತರ ಸಿಗುತ್ತದೆ. ನಮಗೂ ಶುಲ್ಜ್ ಅದನ್ನು ತೋರಿಸಲಿಲ್ಲ. ಐದು ದಶಕದ ಆಸೆ ಈಡೇರಿತೋ ಇಲ್ಲವೋ, ಆ ಹುಡುಗ ಕೊನೆಗೂ ಓಡಿ ಬಂದಿದ್ದನಂತೂ ನಿಜ. ಹಾಗೆ ಓಡಿಬಂದು ಬೀಳುವ ಅವಕಾಶ ಫ್ರಾಂಕ್ಲಿನ್‌ಗೂ ಸಿಗಬೇಕಿತ್ತು. ಅವನಿಗೆ ಸಿಗದಿದ್ದರೂ ನೀವು ಬರೆಯುವ ಹುಡುಗನಿಗೆ ಸಿಗಲಿ. ಅವನನ್ನು ಓಡಿಸಿ, ಬೀಳಿಸಿ, ಮತ್ತೆ ಎಬ್ಬಿಸಿ. ನಾವು ಹಿಂದಿನ ಪುಟದಿಂದಲೇ ಓದಲು ಶುರು ಮಾಡುತ್ತೇವೆ.